ಯೋಜಿಸಿ ನಡೆಯುವ ಶಕ್ತಿ: ಬೆಳೆಯುವ ಮಕ್ಕಳಿಗೆ ತಂದೆತಾಯಿಗಳ ನೆರವು

ಪರೀಕ್ಷೆ ಹತ್ತಿರವಾದರೂ ಪುಸ್ತಕ ತೆರೆಯದ ಮಗನನ್ನೂ, ಹೇಳಿದ ಮೂರು ಕೆಲಸಗಳಲ್ಲಿ ಎರಡನ್ನು ಮರೆಯುವ ಮಗಳನ್ನೂ 'ಸೋಮಾರಿ', 'ದಡ್ಡಿ' ಎಂದು ಜರೆಯುವುದು ಅನೇಕ ಮನೆಗಳಲ್ಲಿ ರೂಢಿಯಾಗಿದೆ. ಇದರ ಪರಿಣಾಮ ಬೈಗುಳದಲ್ಲಿಯೇ ಮುಗಿಯುವುದಿಲ್ಲ. 'ಇವನಿಗೆ ವಿದ್ಯೆ ಹತ್ತದು' ಎಂದು ಹುಡುಗನನ್ನು ಶಾಲೆ ಬಿಡಿಸಿ ಕೂಲಿಗೆ ಕಳುಹಿಸುವುದೂ, ಹತ್ತನೆಯ ತರಗತಿಯಲ್ಲಿ ಅನುತ್ತೀರ್ಣಳಾದ ಹುಡುಗಿಗೆ 18 ವರ್ಷ ತುಂಬುವ ಮೊದಲೇ, ಕಾನೂನಿಗೆ ವಿರುದ್ಧವಾಗಿ, ಮದುವೆ ಮಾಡುವುದೂ ಉಂಟು. ವಾಸ್ತವವಾಗಿ ಇಂತಹ ಅನೇಕ ಮಕ್ಕಳಲ್ಲಿ ಕೊರತೆಯಾಗಿರುವುದು ಬುದ್ಧಿಯಲ್ಲ. ಕೆಲಸವನ್ನು ಯೋಜಿಸಿ, ಆರಂಭಿಸಿ, ಮುಗಿಸುವ ಶಕ್ತಿ. ಇದನ್ನು ಅಭ್ಯಾಸದಿಂದ ಬೆಳೆಸಬಹುದು.

ಈ ಶಕ್ತಿ ಎಂದರೇನು?

ಗೃಹಿಣಿಯು ಅಡಿಗೆ ಮಾಡುತ್ತಿರುವಾಗಲೇ ಹಾಲು ಕರೆಯುವ ಹೊತ್ತನ್ನೂ, ಮಗುವಿಗೆ ಕೊಡಬೇಕಾದ ಔಷಧಿಯನ್ನೂ ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತಾಳೆ. ರೈತನು ಬಿತ್ತನೆಯ ಬೀಜವನ್ನು ಕಷ್ಟದ ದಿನದಲ್ಲಿಯೂ ಮುಟ್ಟುವುದಿಲ್ಲ. ಮಳೆ ತಡವಾದರೆ ಬೆಳೆಯನ್ನೇ ಬದಲಿಸುತ್ತಾನೆ. ನೆನಪಿನಲ್ಲಿ ಹಿಡಿದಿಡುವುದು, ಆಸೆಯನ್ನು ತಡೆಯುವುದು, ಸಂದರ್ಭಕ್ಕೆ ತಕ್ಕಂತೆ ದಾರಿ ಬದಲಿಸುವುದು ಈ ಶಕ್ತಿಯ ಮೂರು ಅಂಗಗಳು.

ಹಣೆಯ ಹಿಂದೆ ಇರುವ ಮಿದುಳಿನ ಮುಂಭಾಗವು ಈ ಕಾರ್ಯದಲ್ಲಿ ಮುಖ್ಯವಾದುದು. 1848ರಲ್ಲಿ ಅಮೆರಿಕದ ರೈಲುಮಾರ್ಗದ ಕೆಲಸಗಾರ ಫಿನಿಯಾಸ್ ಗೇಜ್ ಎಂಬಾತನ ಮಿದುಳಿನ ಈ ಭಾಗವನ್ನು ಸ್ಫೋಟದಿಂದ ಸಿಡಿದ ಕಬ್ಬಿಣದ ಸಲಾಕೆಯೊಂದು ಭೇದಿಸಿತು. ಆತ ಬದುಕುಳಿದ, ಮಾತೂ ನೆನಪೂ ಉಳಿದವು. ಆದರೆ ಆತ ಹಲವು ಯೋಜನೆಗಳನ್ನು ಹಾಕಿ ಕೂಡಲೇ ಕೈಬಿಡುತ್ತಿದ್ದನೆಂದು ವೈದ್ಯರು ಬರೆದಿಟ್ಟಿದ್ದಾರೆ. ಬುದ್ಧಿ ಬೇರೆ, ಯೋಜಿಸಿ ನಡೆಯುವ ಶಕ್ತಿ ಬೇರೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಮಿದುಳಿನ ಈ ಭಾಗ ಸುಮಾರು 25 ವರ್ಷ ವಯಸ್ಸಿನವರೆಗೂ ಬಲಿಯುತ್ತಿರುತ್ತದೆ. ಆದುದರಿಂದ ಮೀಸೆ ಮೂಡಿದ ಮಾತ್ರಕ್ಕೆ ಮಗನಿಗೆ ಹಿರಿಯರ ಮುಂದಾಲೋಚನೆ ಬಂದಿರಬೇಕೆಂದು ನಿರೀಕ್ಷಿಸುವುದು ಸರಿಯಲ್ಲ.

ತಂದೆತಾಯಿಗಳು ಮಾಡಬೇಕಾದುದೇನು?

1. ದೊಡ್ಡ ಕೆಲಸವನ್ನು ಒಡೆದು ಹೇಳಿರಿ. 'ಓದು' ಎಂಬುದರಿಂದ ಎಲ್ಲಿ ಆರಂಭಿಸಬೇಕೆಂದು ಮಗುವಿಗೆ ತಿಳಿಯದು. 'ಮೊದಲು ಐದು ಲೆಕ್ಕ ಮಾಡು, ಆಮೇಲೆ ಏಳು' ಎಂದರೆ ತಿಳಿಯುತ್ತದೆ.

2. ಕಾಲವು ಕಣ್ಣಿಗೆ ಕಾಣುವಂತಿರಲಿ. ಗೋಡೆಯ ಕ್ಯಾಲೆಂಡರಿನಲ್ಲಿ ಪರೀಕ್ಷೆಯ ದಿನಗಳನ್ನು ಮಗುವಿನ ಕೈಯಿಂದಲೇ ಗುರುತು ಮಾಡಿಸಿರಿ.

3. ಓದನ್ನು ನಿತ್ಯದ ಕೆಲಸವೊಂದಕ್ಕೆ ಜೋಡಿಸಿರಿ. 'ಹಸುವಿಗೆ ಹುಲ್ಲು ಹಾಕಿದ ಕೂಡಲೇ ಪುಸ್ತಕ ತೆಗೆಯುತ್ತೇನೆ' ಎಂಬಂತಹ ಖಚಿತ ಸಂಕಲ್ಪ, 'ಚೆನ್ನಾಗಿ ಓದುತ್ತೇನೆ' ಎಂಬ ಬರಿಯ ಮಾತಿಗಿಂತ ಹೆಚ್ಚು ಫಲ ನೀಡುತ್ತದೆಂದು ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗಾಲ್‌ವಿಟ್ಜರ್ 1990ರ ದಶಕದಲ್ಲಿ ತೋರಿಸಿಕೊಟ್ಟರು.

4. ಆಕರ್ಷಣೆಯನ್ನು ದೂರವಿಡಿರಿ. ಓದುವ ಹೊತ್ತಿನಲ್ಲಿ ಮೊಬೈಲ್ ಬೇರೆ ಕೋಣೆಯಲ್ಲಿರಲಿ. ಹಿರಿಯರೂ ಆ ಹೊತ್ತಿನಲ್ಲಿ ದೂರದರ್ಶನವನ್ನು ನಿಲ್ಲಿಸುವುದು ನ್ಯಾಯ.

5. ನಿದ್ರೆಯನ್ನು ಕಡಿತಗೊಳಿಸಬೇಡಿರಿ. ಹದಿಹರೆಯದವರಿಗೆ ದಿನಕ್ಕೆ 8ರಿಂದ 10 ಗಂಟೆಗಳ ನಿದ್ರೆ ಅವಶ್ಯಕ.

6. ಅಪ್ಪಣೆಗಿಂತ ಪ್ರಶ್ನೆ ಮೇಲು. 'ಇವತ್ತು ಯಾವುದನ್ನು ಮೊದಲು ಮಾಡುತ್ತೀ? ನಡುವೆ ಏನು ಅಡ್ಡಿ ಬರಬಹುದು?' ಎಂದು ಕೇಳಿರಿ. ಮಗು ತಾನೇ ಯೋಚಿಸಲು ಕಲಿಯುತ್ತದೆ.

ನೆರವನ್ನು ಹಿಂತೆಗೆಯುವ ಕ್ರಮ

ಗೋಡೆ ಏಳುವಾಗ ಸಾರುವೆ ಕಟ್ಟುತ್ತಾರೆ. ಗೋಡೆ ಗಟ್ಟಿಯಾದ ಮೇಲೆ ಬಿಚ್ಚುತ್ತಾರೆ. ನಿಮ್ಮ ನೆರವೂ ಹಾಗೆಯೇ ಇರಬೇಕು. ಕೆಲವು ವಾರ ಮಗುವಿನೊಡನೆ ಕುಳಿತು ಯೋಜನೆ ಹಾಕಿರಿ. ಬಳಿಕ ಕೇವಲ ಕೇಳಿ ತಿಳಿಯಿರಿ. ಮುಂದೆ ವಾರಕ್ಕೊಮ್ಮೆ ವಿಚಾರಿಸಿದರೆ ಸಾಕು. ಕಾಲೇಜಿಗೆಂದು ಪಟ್ಟಣಕ್ಕೆ ಹೋಗುವ ಮಗನಿಗೂ ಮಗಳಿಗೂ ತಿಂಗಳ ಖರ್ಚಿನ ಲೆಕ್ಕ ಬರೆಯುವುದನ್ನೂ, ಬಸ್ ಪಾಸು, ವಿದ್ಯಾರ್ಥಿವೇತನದ ಅರ್ಜಿಗಳನ್ನು ತಾವೇ ಸಲ್ಲಿಸುವುದನ್ನೂ ಮನೆಯಲ್ಲಿರುವಾಗಲೇ ರೂಢಿ ಮಾಡಿಸಿರಿ. ತಪ್ಪಿದರೆ ತಿದ್ದಿರಿ, ನೀವೇ ಮಾಡಿ ಮುಗಿಸಬೇಡಿರಿ.

ಈ ಕಾರ್ಯದಲ್ಲಿ ಪತಿಪತ್ನಿಯರ ಒಮ್ಮತ ಅತ್ಯಾವಶ್ಯಕ. ಒಬ್ಬರು ಹಾಕಿದ ನಿಯಮವನ್ನು ಮತ್ತೊಬ್ಬರು ಮುರಿದರೆ ಮಗುವಿಗೆ ನಿಯಮವೇ ಇಲ್ಲದಂತಾಗುತ್ತದೆ.

ವೈದ್ಯರ ಸಲಹೆ ಯಾವಾಗ?

ಮೊದಲು ದೃಷ್ಟಿ, ಶ್ರವಣ ಹಾಗೂ ರಕ್ತಹೀನತೆಯ ಪರೀಕ್ಷೆ ಮಾಡಿಸಿರಿ. ಗಮನವಿಡಲಾಗದ ತೊಂದರೆ ಬಾಲ್ಯದಿಂದಲೇ ಇದ್ದು, ಮನೆ ಮತ್ತು ಶಾಲೆ ಎರಡರಲ್ಲಿಯೂ ಆರು ತಿಂಗಳು ಮೀರಿ ಕಂಡುಬಂದರೆ ಅದು ಚಿಕಿತ್ಸೆಯಿಂದ ಸುಧಾರಿಸಬಹುದಾದ ಸ್ಥಿತಿಯಾಗಿರಬಹುದು. ಆಶಾ ಕಾರ್ಯಕರ್ತೆಯನ್ನು ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕಾಣಿರಿ. 2022ರಲ್ಲಿ ಆರಂಭವಾದ ಟೆಲಿ ಮನಸ್ ಉಚಿತ ದೂರವಾಣಿ ಸೇವೆಯ ಸಂಖ್ಯೆ 14416.

ಚರ್ಚೆಗೆ ಪ್ರಶ್ನೆಗಳು

1. ಕಳೆದ ವಾರ ನೀವು ಮಗುವನ್ನು ಯಾವ ಕಾರಣಕ್ಕೆ ಗದರಿಸಿದಿರಿ? ಅದು ಸೋಮಾರಿತನವೋ, ಆರಂಭಿಸಲು ತಿಳಿಯದಿದ್ದುದೋ?

2. ಮಗುವಿಗಾಗಿ ನೀವು ಮಾಡುತ್ತಿರುವ ಯಾವ ಕೆಲಸವನ್ನು ಈ ತಿಂಗಳು ಅದರ ಕೈಗೇ ಒಪ್ಪಿಸಬಹುದು?