ಕುಳಿಯ ಸಮೀಪದ ಆಟ

ಗಾಲ್ಫ್ ಎಂದೊಡನೆ ನಮ್ಮಲ್ಲಿ ಅನೇಕರ ಕಣ್ಣಮುಂದೆ ಸುಳಿಯುವುದು ವಿಸ್ತಾರವಾದ ಹುಲ್ಲುಬಯಲು, ಚೀಲದ ತುಂಬ ಬಗೆಬಗೆಯ ಕೋಲುಗಳು, ಆ ಚೀಲವನ್ನು ಹೊತ್ತು ಹಿಂದೆ ನಡೆಯುವ ಆಳು. ಕಾಪುವಿನಿಂದ ತೆಂಕಣಕ್ಕೆ, ಪಡುಬಿದ್ರಿಯ ದಾರಿಯಲ್ಲಿ ಸಿಗುವ ಎರ್ಮಾಳಿನಂಥ ಊರಿನವರಿಗೆ ಈ ಆಟದ ಮಾತು ಅಪ್ರಸ್ತುತವೆಂದು ತೋರಿದರೆ ಆಶ್ಚರ್ಯವಿಲ್ಲ. ಮಂಗಳೂರಿನ ಬಳಿಯ ಪಿಲಿಕುಳದಲ್ಲಿ ಒಂದು ಗಾಲ್ಫ್ ಮೈದಾನವಿದೆ. ಬೆಂಗಳೂರಿನಲ್ಲಿಯಾದರೆ 1876ರಷ್ಟು ಹಿಂದೆಯೇ ಸ್ಥಾಪಿತವಾದ ಕ್ಲಬ್ಬು ಇದೆ. ಎರ್ಮಾಳಿನಲ್ಲಿ ಇರುವುದು ಕಡಲು, ಮರಳು, ತೆಂಗಿನ ತೋಟ ಮತ್ತು ಮನೆಯ ಅಂಗಳ. ಆದರೆ ಈ ಆಟದಲ್ಲಿ ಆಗುವ ಹೊಡೆತಗಳ ಪೈಕಿ ಅರ್ಧಕ್ಕಿಂತ ಹೆಚ್ಚಿನವು ಕುಳಿಯಿಂದ ಸುಮಾರು ನೂರು ಗಜಗಳ ಒಳಗೇ ನಡೆಯುತ್ತವೆ. ಆ ಭಾಗವನ್ನು ಅಭ್ಯಾಸಮಾಡುವುದಕ್ಕೆ ಮೇಲೆ ಹೇಳಿದ ನಾಲ್ಕು ವಸ್ತುಗಳಲ್ಲಿ ಕಡಲೊಂದನ್ನುಳಿದು ಮಿಕ್ಕ ಮೂರೂ ಉಪಯೋಗಕ್ಕೆ ಬರುತ್ತವೆ ಎಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

ಮೊದಲು ಒಂದು ನಿದರ್ಶನ. 2021ರ ಆಗಸ್ಟ್ 7ರಂದು, ಒಂದು ವರ್ಷ ತಡವಾಗಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲಿ, ಮಹಿಳೆಯರ ಗಾಲ್ಫಿನ ಕೊನೆಯ ಸುತ್ತು ನಡೆಯಿತು. ಬೆಂಗಳೂರಿನ ಅದಿತಿ ಅಶೋಕ್ ಅವರು ನಾಲ್ಕು ಸುತ್ತುಗಳಲ್ಲಿ ಒಟ್ಟು 269 ಹೊಡೆತಗಳಿಂದ ಆಟವನ್ನು ಮುಗಿಸಿದರು. ಚಿನ್ನವನ್ನು ಗೆದ್ದ ಅಮೆರಿಕದ ನೆಲ್ಲಿ ಕೋರ್ಡಾ ಅವರದು 267. ಎರಡನೆಯ ಸ್ಥಾನಕ್ಕೆ ಸಮನಾದ ಜಪಾನಿನ ಮೋನೆ ಇನಾಮಿ ಮತ್ತು ನ್ಯೂಜಿಲೆಂಡಿನ ಲಿಡಿಯಾ ಕೋ ಅವರದು 268. ಒಂದೇ ಒಂದು ಹೊಡೆತದಿಂದ ಪದಕದ ಸ್ಪರ್ಧೆ ಕೈತಪ್ಪಿ ಅದಿತಿಯವರಿಗೆ ನಾಲ್ಕನೆಯ ಸ್ಥಾನ ದೊರೆಯಿತು. ಕೊನೆಯ ಕುಳಿಯಲ್ಲಿ ಅವರು ದೂರದಿಂದ ಉರುಳಿಸಿದ ಚೆಂಡು ಒಳಗೆ ಬಿದ್ದಿದ್ದರೆ ಅವರೂ 268ಕ್ಕೆ ನಿಲ್ಲುತ್ತಿದ್ದರು.

ವಿಚಾರಮಾಡತಕ್ಕ ಅಂಶ ಇಷ್ಟೇ ಅಲ್ಲ. ಚೆಂಡನ್ನು ದೂರಕ್ಕೆ ಹೊಡೆಯುವುದರಲ್ಲಿ ಅದಿತಿಯವರು ಆ ದಿನಗಳಲ್ಲಿ ಎದುರಾಳಿಗಳಿಗಿಂತ ಬಹಳ ಹಿಂದಿದ್ದರು. ಕೋರ್ಡಾ ಅವರ ಚೆಂಡು ಬಿದ್ದೆಡೆಗಿಂತ ಅವರ ಚೆಂಡು ಎಷ್ಟೋ ಗಜ ಹಿಂದೆ ಬೀಳುತ್ತಿತ್ತು. ಆ ಕೊರತೆಯನ್ನು ಅವರು ತುಂಬಿಕೊಂಡದ್ದು ಕುಳಿಯ ಹತ್ತಿರದ ಆಟದಿಂದ, ಅದರಲ್ಲಿಯೂ ಚೆಂಡನ್ನು ನೆಲದ ಮೇಲೆ ಉರುಳಿಸಿ ಕುಳಿಗೆ ಬೀಳಿಸುವ 'ಪಟ್ಟಿಂಗ್' ಎಂಬ ಕೌಶಲದಿಂದ.

ಈ ಪಟ್ಟಿಂಗ್ ಎಂಬುದು ನಮ್ಮ ಮಕ್ಕಳ ಗೋಲಿಯಾಟದ ದೊಡ್ಡಣ್ಣನೆನ್ನಬಹುದು. ಕುಳಿಯ ಅಡ್ಡಗಲ 108 ಮಿಲಿಮೀಟರು. ಚೆಂಡಿನ ಅಡ್ಡಗಲ 42.67 ಮಿಲಿಮೀಟರಿಗಿಂತ ಕಡಿಮೆಯಿರಕೂಡದು, ತೂಕ 45.93 ಗ್ರಾಮನ್ನು ಮೀರಕೂಡದು. ಇಷ್ಟು ಅಂಕಿಗಳನ್ನಿಟ್ಟುಕೊಂಡು, ಕುಳಿಯ ಮೇಲೆ ಹಾಯುವ ಚೆಂಡು ಒಳಗೆ ಬೀಳುವುದು ಯಾವಾಗ, ಹಾರಿಹೋಗುವುದು ಯಾವಾಗ ಎಂದು ನಾವೇ ಲೆಕ್ಕಹಾಕಬಹುದು. ಚೆಂಡು ಕುಳಿಯ ಈಚೆಯ ಅಂಚನ್ನು ಬಿಟ್ಟೊಡನೆ ಬೀಳತೊಡಗುತ್ತದೆ. ಆಚೆಯ ಅಂಚು ತಾಗುವ ಹೊತ್ತಿಗೆ ಅದು ತನ್ನ ಅರ್ಧದಷ್ಟು, ಎಂದರೆ ಸುಮಾರು 21 ಮಿಲಿಮೀಟರು ಇಳಿದಿದ್ದರೆ ಅಂಚು ಅದನ್ನು ತಡೆದು ಒಳಕ್ಕೆ ತಳ್ಳುತ್ತದೆ. ಅಷ್ಟು ಇಳಿಯಲು ಗುರುತ್ವಾಕರ್ಷಣೆಗೆ ಬೇಕಾದ ಕಾಲ ಒಂದು ಸೆಕೆಂಡಿನ ಹದಿನೈದರಲ್ಲೊಂದು ಭಾಗ. ಆ ಅವಧಿಯಲ್ಲಿ ಚೆಂಡಿನ ಮಧ್ಯಬಿಂದು ಸಾಗಬಹುದಾದ ದೂರ, ಕುಳಿಯ ಅಗಲದಲ್ಲಿ ಚೆಂಡಿನ ಅರ್ಧವನ್ನು ಕಳೆದರೆ ಉಳಿಯುವ 87 ಮಿಲಿಮೀಟರು. ಭಾಗಿಸಿದರೆ ಸೆಕೆಂಡಿಗೆ ಸುಮಾರು 1.3 ಮೀಟರು ಎಂಬ ವೇಗ ದೊರೆಯುತ್ತದೆ. ಇದಕ್ಕಿಂತ ತುಸು ವೇಗವಾಗಿ ಬಂದ ಚೆಂಡು ಕೂಡ ಎದುರಿನ ಅಂಚಿಗೆ ಬಡಿದು ಮೇಲಕ್ಕೆ ಪುಟಿದು ಮತ್ತೆ ಒಳಗೆ ಬೀಳುವುದುಂಟು. ಅದನ್ನೂ ಲೆಕ್ಕಕ್ಕೆ ಹಿಡಿದು 1991ರಲ್ಲಿ ಭೌತವಿಜ್ಞಾನಿ ಬ್ರಯನ್ ಹೋಮ್ಸ್ ಅವರು ಈ ಮಿತಿಯನ್ನು 1.63 ಮೀಟರೆಂದು ನಿಗದಿಮಾಡಿದರು. ಇವೆಲ್ಲ ಚೆಂಡು ಕುಳಿಯ ನಟ್ಟನಡುವೆ ಹಾದರೆ ಸಲ್ಲುವ ಮಾತು. ಪಕ್ಕಕ್ಕೆ ಸರಿದಷ್ಟೂ ಚೆಂಡು ದಾಟಬೇಕಾದ ತೆರವು ಕಿರಿದಾಗುತ್ತದೆ, ಅನುಮತಿಯ ವೇಗವೂ ಇಳಿಯುತ್ತದೆ. ಆದುದರಿಂದ ರಭಸವಾಗಿ ಹೊಡೆದವನಿಗೆ ಕುಳಿಯೇ ಚಿಕ್ಕದಾಗಿಬಿಡುತ್ತದೆ.

ದಿಕ್ಕಿನ ಲೆಕ್ಕ ಇನ್ನೂ ಸುಲಭ. ಸಮತಟ್ಟಾದ ನೆಲದಲ್ಲಿ ಮೂರು ಮೀಟರು ದೂರದ ಕುಳಿಗೆ ನಿಧಾನವಾಗಿ ಹೊರಟ ಚೆಂಡು ಎಡಕ್ಕಾಗಲಿ ಬಲಕ್ಕಾಗಲಿ ಒಂದು ಡಿಗ್ರಿಯಷ್ಟು ಮಾತ್ರ ತಪ್ಪಬಹುದು. ಆರು ಮೀಟರಾದರೆ ಅರ್ಧ ಡಿಗ್ರಿ. ಚೆಂಡು ಹೊರಡುವ ದಿಕ್ಕನ್ನು ಬಹುಮಟ್ಟಿಗೆ ನಿರ್ಣಯಿಸುವುದು ತಾಗುವ ಕ್ಷಣದಲ್ಲಿ ಕೋಲಿನ ಮುಖ ಎತ್ತ ತಿರುಗಿದೆಯೆಂಬುದು. ಕೈ ಬೀಸಿದ ದಾರಿಯ ಪಾಲು ಅದರಲ್ಲಿ ಸ್ವಲ್ಪವೇ. ಇದನ್ನು ಅಂಗಳದಲ್ಲಿ ಪರೀಕ್ಷಿಸಿಕೊಳ್ಳುವ ಕ್ರಮ ಹೀಗೆ: ಚೆಂಡಿನಿಂದ ಅರ್ಧ ಮೀಟರು ಮುಂದೆ, ಒಂದರಿಂದೊಂದು 6 ಸೆಂಟಿಮೀಟರು ದೂರವಿರುವಂತೆ ಎರಡು ಮೊಳೆಗಳನ್ನು ನೆಲಕ್ಕೆ ಚುಚ್ಚಿರಿ. ಎರಡಕ್ಕೂ ತಾಗದೆ ನಡುವೆ ಹಾದುಹೋದ ಚೆಂಡು, ನೆಲ ಓರೆಯಿಲ್ಲದಿದ್ದರೆ, ಮೂರು ಮೀಟರಾಚೆಯ ಕುಳಿಯ ದಾರಿಯಲ್ಲೇ ಇದೆಯೆಂದು ತಿಳಿಯಬಹುದು. ಕುಳಿಯನ್ನು ತೋಡುವ ಅಗತ್ಯವೇ ಇಲ್ಲ. ಮೊಳೆಗಳು ಹೇಳುವ ತೀರ್ಪು ಕುಳಿಯ ತೀರ್ಪಿಗಿಂತ ನಿಷ್ಠುರವಾದುದು, ಏಕೆಂದರೆ ತಪ್ಪು ದಿಕ್ಕಿನಲ್ಲಿ ಹೊರಟು ನೆಲದ ಏರುತಗ್ಗಿನಿಂದ ಅದೃಷ್ಟವಶಾತ್ ಒಳಗೆ ಬೀಳುವ ಚೆಂಡುಗಳಿಗೆ ಇಲ್ಲಿ ಮರ್ಯಾದೆಯಿಲ್ಲ.

ಇನ್ನು ದೂರದ ಅಂದಾಜು. ಹೊಸಬರು ಹೆಚ್ಚಾಗಿ ಸೋಲುವುದು ಇಲ್ಲಿಯೇ. ಪಟ್ಟರ್ ಎಂಬ ಕೋಲನ್ನು ಭುಜಗಳಿಂದ ಹಗುರವಾಗಿ ಬೀಸಿದಾಗ ಅದು ಗೋಡೆಗಡಿಯಾರದ ಲೋಲಕದಂತೆ ಆಡುತ್ತದೆ. ಲೋಲಕವನ್ನು ಸ್ವಲ್ಪ ಎಳೆದು ಬಿಟ್ಟರೂ ಹೆಚ್ಚು ಎಳೆದು ಬಿಟ್ಟರೂ ಅದು ತೂಗುವ ಕಾಲ ಬಹುತೇಕ ಒಂದೇ ಎಂಬುದು ಗೆಲಿಲಿಯೊನ ಕಾಲದಿಂದ ತಿಳಿದ ಸಂಗತಿ. ಬದಲಾಗುವುದು ಕೆಳಭಾಗದಲ್ಲಿ ಅದರ ವೇಗ. ಎಳೆತ ಎರಡರಷ್ಟಾದರೆ ವೇಗವೂ ಎರಡರಷ್ಟು. ಆದರೆ ಘರ್ಷಣೆಯಿಂದ ನಿಲ್ಲುವ ಚೆಂಡು ಉರುಳುವ ದೂರವು ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ. ಆದುದರಿಂದ ಕೋಲನ್ನು 15 ಸೆಂಟಿಮೀಟರು ಹಿಂದಕ್ಕೆ ಒಯ್ದು ಬಿಟ್ಟಾಗ ಚೆಂಡು ಒಂದು ಮೀಟರು ಉರುಳಿದರೆ, 30 ಸೆಂಟಿಮೀಟರು ಒಯ್ದಾಗ ಅದು ನಾಲ್ಕು ಮೀಟರು ಉರುಳಬೇಕು. ಎರಡು ಮೀಟರಿಗೆ ಬೇಕಾದುದು ಕೇವಲ 21 ಸೆಂಟಿಮೀಟರು. 'ಎರಡರಷ್ಟು ದೂರಕ್ಕೆ ಎರಡರಷ್ಟು ಬೀಸು' ಎಂದು ನಂಬಿದವನ ಚೆಂಡು ಕುಳಿಯನ್ನು ದಾಟಿ ಎಲ್ಲಿಯೋ ನಿಲ್ಲುತ್ತದೆ. ಹೊರಟ ಚೆಂಡು ಮೊದಲು ಜಾರಿ, ಆರಂಭದ ವೇಗದ ಏಳರಲ್ಲೈದು ಭಾಗಕ್ಕೆ ಇಳಿದ ಮೇಲೆ ಶುದ್ಧವಾಗಿ ಉರುಳತೊಡಗುತ್ತದೆ. ಇದು ಎಲ್ಲ ಹೊಡೆತಗಳಿಗೂ ಒಂದೇ ಪ್ರಮಾಣದಲ್ಲಿ ಅನ್ವಯಿಸುವುದರಿಂದ ನಮ್ಮ ಲೆಕ್ಕ ಕೆಡುವುದಿಲ್ಲ. ಮನುಷ್ಯನ ಕೈ ಲೋಲಕದಷ್ಟು ಪ್ರಾಮಾಣಿಕವಲ್ಲ, ತಾಗುವಾಗ ತಾನೂ ತುಸು ನೂಕುತ್ತದೆ. ಓದುಗರು ತಮ್ಮ ತಮ್ಮ ಅಂಕಿಗಳನ್ನು ಅಳತೆಪಟ್ಟಿಯಿಂದ ತಾವೇ ಕಂಡುಕೊಳ್ಳತಕ್ಕದ್ದು.

ಎಲ್ಲ ನೆಲವೂ ಒಂದೇ ವೇಗದ್ದಲ್ಲವೆಂಬ ಆಕ್ಷೇಪ ಬರಬಹುದು. ನಿಜ. ಇದನ್ನು ಅಳೆಯಲು ಅಮೆರಿಕದ ಎಡ್ವರ್ಡ್ ಸ್ಟಿಂಪ್ಸನ್ ಎಂಬವರು 1935ರಲ್ಲಿ ಒಂದು ಸರಳ ಸಾಧನವನ್ನು ರಚಿಸಿದರು. 36 ಅಂಗುಲ ಉದ್ದದ ಒಂದು ತೋಡುಪಟ್ಟಿ. ತುದಿಯಿಂದ 30 ಅಂಗುಲ ಮೇಲೆ ಚೆಂಡು ನಿಲ್ಲುವಂತೆ ಒಂದು ಕಚ್ಚು. ಪಟ್ಟಿಯನ್ನು ಮೆಲ್ಲಗೆ ಎತ್ತುತ್ತ ಹೋದರೆ ಸುಮಾರು 20 ಡಿಗ್ರಿಯಲ್ಲಿ ಚೆಂಡು ತಾನಾಗಿ ಕಚ್ಚನ್ನು ಬಿಟ್ಟು ಇಳಿದು, ನೆಲದಲ್ಲಿ ಉರುಳಿ ನಿಲ್ಲುತ್ತದೆ. ಅದು ಎಷ್ಟು ಅಡಿ ಹೋಯಿತೋ ಅದೇ ಆ ನೆಲದ ಅಂಕ. ಕ್ಲಬ್ಬುಗಳ ಹುಲ್ಲಿನಲ್ಲಿ ಎಂಟರಿಂದ ಹತ್ತು ಅಡಿ ಸಾಮಾನ್ಯ. ನಮ್ಮ ಊರಿನಲ್ಲಿ ಇದಕ್ಕೆ ಅಡಿಕೆಮರದ ದಂಬೆಗಿಂತ ಒಳ್ಳೆಯ ಸಾಮಗ್ರಿ ಬೇಡ. ಗಜ ಉದ್ದದ ನೇರವಾದ ದಂಬೆಯನ್ನು ಒಳಗೆ ನುಣುಪುಮಾಡಿ, ಕೆಳತುದಿಯಿಂದ 75 ಸೆಂಟಿಮೀಟರಿಗೆ ಗುರುತು ಹಾಕಿ, ಆ ಗುರುತು ನೆಲದಿಂದ 26 ಸೆಂಟಿಮೀಟರು ಎತ್ತರವಿರುವಂತೆ ಇಟ್ಟಿಗೆಯ ಆಸರೆ ಕೊಟ್ಟು ಚೆಂಡನ್ನು ಬಿಡಿರಿ. ಮಳೆಗಾಲ ಕಳೆದು, ಬಡಿದು ಸಮಮಾಡಿ ಸೆಗಣಿ ಸಾರಿಸಿದ ಅಂಗಳ ಒಂದು ವಾರದಲ್ಲಿ ಎಷ್ಟು ಚುರುಕಾಗುತ್ತದೆಂಬುದನ್ನು ಹೀಗೆ ಅಳೆದು ನೋಡುವುದೇ ಒಂದು ವಿನೋದ. ಹಿಂದೆ ನೀರಿನ ಅಭಾವವಿದ್ದ ಮೈದಾನಗಳಲ್ಲಿ ಹುಲ್ಲಿನ ಬದಲು ಎಣ್ಣೆ ಬೆರೆಸಿ ಗಟ್ಟಿಮಾಡಿದ ಮರಳಿನ ಮೇಲೆಯೇ ಪಟ್ಟಿಂಗ್ ನಡೆಯುತ್ತಿತ್ತು. ಹಾಗಿರುವಾಗ ಅಂಗಳವನ್ನು ಕೀಳೆನ್ನಲು ಕಾರಣವಿಲ್ಲ.

ಹುಲ್ಲಿನ ಅಂಚಿನಿಂದ ಆಡುವ ಗಿಡ್ಡ ಹೊಡೆತಕ್ಕೆ 'ಚಿಪ್' ಎಂದು ಹೆಸರು. ಚೆಂಡು ತಗ್ಗಾಗಿ ಹಾರಿ, ಬೇಗನೆ ನೆಲಕ್ಕೆ ಬಿದ್ದು, ಉಳಿದ ದೂರವನ್ನು ಉರುಳಿಕೊಂಡು ಹೋಗುತ್ತದೆ. ಮುಖ ಬಹಳ ಓರೆಯಾಗಿರುವ 'ಸ್ಯಾಂಡ್ ವೆಜ್' ಕೋಲಿನಿಂದಾದರೆ ಹಾರಿದಷ್ಟೇ ಉರುಳುತ್ತದೆ. ಅಷ್ಟು ಓರೆಯಿಲ್ಲದ 'ಪಿಚಿಂಗ್ ವೆಜ್'ನಿಂದ ಹಾರಿದುದರ ಎರಡರಷ್ಟು ಎಂಬುದು ಶಿಕ್ಷಕರ ಸ್ಥೂಲವಾದ ಎಣಿಕೆ. ಇಲ್ಲಿ ಕಣ್ಣಿಡಬೇಕಾದುದು ಚೆಂಡು ಬೀಳುವ ಜಾಗದ ಮೇಲೆ. ತೆಂಗಿನ ತೋಟದಲ್ಲಿ ಹಸಿಮಾಡಿದ ಗೋಣಿಚೀಲವೊಂದನ್ನು ಹಾಸಿ ಅದರ ಮೇಲೆ ಚೆಂಡು ಬೀಳುವಂತೆ ಹೊಡೆಯುವುದೇ ಅಭ್ಯಾಸ. ದೇಹದ ಭಾರವನ್ನು ಮುಂದಿನ ಕಾಲಿನ ಮೇಲಿಟ್ಟು, ಕೋಲು ಮೊದಲು ಚೆಂಡಿಗೆ, ಅನಂತರ ನೆಲಕ್ಕೆ ತಾಗುವಂತೆ ಇಳಿಸಬೇಕು. ಚೆಂಡನ್ನು ಎತ್ತುವ ಕೆಲಸ ಕೋಲಿನ ಓರೆಯದು, ಆಟಗಾರನದಲ್ಲ. ಮಣಿಕಟ್ಟಿನಿಂದ ಮೇಲೆತ್ತಲು ಹೋದವನ ಕೋಲು ಚೆಂಡಿನ ನೆತ್ತಿಗೆ ತಾಗಿ, ಅದು ನೆಲದುದ್ದಕ್ಕೂ ಗುಂಡಿನಂತೆ ಓಡುತ್ತದೆ. ಹಾಗೆ ಓಡಿ ತೆಂಗಿನ ಕಾಂಡಕ್ಕೆ ಬಡಿದ ಚೆಂಡು ಬಂದ ದಾರಿಯಲ್ಲೇ ಹಿಂತಿರುಗುವುದೆಂಬುದಕ್ಕೆ ಈ ಲೇಖಕನ ಮೊಣಕಾಲೇ ಸಾಕ್ಷಿ. ಮರಗಳ ಸಾಲಿಗೆ ಎದುರಾಗಿ ಹೊಡೆಯಬೇಡಿರಿ, ಮಕ್ಕಳು ಸುಳಿದಾಡುವ ಹೊತ್ತಿನಲ್ಲಂತೂ ಕೂಡದು.

ಗೋಣಿಚೀಲವನ್ನು ಒಂದೇ ಕಡೆ ಇಟ್ಟು ನೂರು ಸಲ ಹೊಡೆಯುವುದು ಲೇಸೋ, ಅದನ್ನು ಸರಿಸುತ್ತ ಹೊಡೆಯುವುದು ಲೇಸೋ? 1978ರಲ್ಲಿ ಕೆರ್ ಮತ್ತು ಬೂತ್ ಎಂಬ ಸಂಶೋಧಕರು ಎಂಟು ವರ್ಷದ ಮಕ್ಕಳಿಂದ ಕಾಳಿನ ಚೀಲಗಳನ್ನು ಗುರಿಗೆ ಎಸೆಯಿಸಿದರು. ಒಂದು ಗುಂಪು ಮೂರು ಅಡಿಯಿಂದಲೇ ಅಭ್ಯಾಸಮಾಡಿತು. ಇನ್ನೊಂದು ಎರಡು ಮತ್ತು ನಾಲ್ಕು ಅಡಿಗಳಿಂದ ಮಾಡಿತು, ಮೂರು ಅಡಿಯಿಂದ ಮಾಡಲೇ ಇಲ್ಲ. ಕೊನೆಗೆ ಮೂರು ಅಡಿಯ ಪರೀಕ್ಷೆಯಲ್ಲಿ ಗೆದ್ದುದು ಎರಡನೆಯ ಗುಂಪು! ಮುಂದೆ ಬೇರೆಯವರು ನಡೆಸಿದ ಪ್ರಯೋಗಗಳೆಲ್ಲ ಇದೇ ಫಲವನ್ನು ಕೊಡಲಿಲ್ಲ. ಆದರೂ ಆಟದಲ್ಲಿ ಒಂದೇ ಹೊಡೆತ ಎರಡು ಸಲ ಬರುವುದು ಅಪರೂಪವಾದುದರಿಂದ, ಕೋಲನ್ನು ಹಿಡಿಯುವ ಕ್ರಮ ಕೈಗೂಡಿದ ಮೇಲೆ ಚೀಲವನ್ನು ಪ್ರತಿ ಹೊಡೆತಕ್ಕೂ ಸರಿಸುವುದೇ ಯುಕ್ತವೆಂದು ನನ್ನ ಅಭಿಪ್ರಾಯ.

ಈಗ ಮರಳಿಗೆ ಬರೋಣ. ಗಾಲ್ಫ್ ಮೈದಾನದಲ್ಲಿ 'ಬಂಕರ್' ಎಂಬ ಮರಳುಗುಂಡಿಗಳಿರುತ್ತವೆ. ಅವುಗಳಿಂದ ಚೆಂಡನ್ನು ಹೊರತೆಗೆಯುವುದಕ್ಕೆ ಚೆಂಡಿಗೆ ಹೊಡೆಯಲೇಕೂಡದೆಂಬುದು ಈ ಆಟದ ಒಂದು ವಿಚಿತ್ರ. ಚೆಂಡಿನ ಹಿಂದೆ ಎರಡು ಅಂಗುಲದಷ್ಟು ದೂರದಲ್ಲಿ ಕೋಲು ಮರಳನ್ನು ಹೊಕ್ಕು, ಚೆಂಡಿನ ಅಡಿಯಿಂದ ಹಾದು ಹೊರಬರಬೇಕು. ಹಾರುವುದು ಮರಳು, ಚೆಂಡು ಅದರೊಂದಿಗೆ ಸವಾರಿ ಮಾಡುತ್ತದೆ. ಹಳೆಯ ಕೋಲುಗಳ ಚೂಪಾದ ಅಂಚು ಮರಳಿನಲ್ಲಿ ಗುದ್ದಲಿಯಂತೆ ನಾಟಿಕೊಳ್ಳುತ್ತಿತ್ತು. ಅಮೆರಿಕದ ಜೀನ್ ಸರಾಜೆನ್ ಅವರು ಕೋಲಿನ ತಳಕ್ಕೆ ಸೀಸವನ್ನು ಬೆಸೆದು, ತಳದ ಹಿಂಭಾಗ ಮುಂದಿನ ಅಂಚಿಗಿಂತ ತಗ್ಗಿರುವಂತೆ ಮಾಡಿದರು. ಆಗ ಕೋಲು ದೋಣಿಯ ತಳದಂತೆ ಮರಳಿನಲ್ಲಿ ಜಾರಿ ಮೇಲೇಳತೊಡಗಿತು. 1932ರ ಬ್ರಿಟಿಷ್ ಓಪನ್ ಪಂದ್ಯವನ್ನು ಅವರು ಗೆದ್ದುದು ಈ ಕೋಲನ್ನು ಕೈಯಲ್ಲಿಟ್ಟುಕೊಂಡೇ.

ಎರ್ಮಾಳಿನ ದಂಡೆಯಲ್ಲಿ ಅಲೆ ಹಿಂದೆ ಸರಿದ ನೆಲದ ಮೇಲೆ ಹೆಜ್ಜೆಯಿಟ್ಟವರು ಒಂದನ್ನು ಗಮನಿಸಿರಬಹುದು: ಪಾದದ ಸುತ್ತ ಮರಳು ಫಕ್ಕನೆ ಬಿಳಿಚಿ ಒಣಗಿದಂತೆ ಕಾಣುತ್ತದೆ. ಒತ್ತಿದರೆ ನೀರು ಮೇಲಕ್ಕೆ ಉಕ್ಕಬೇಕಲ್ಲವೆ? 1885ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಇದರ ಮರ್ಮವನ್ನು ವಿವರಿಸಿದರು. ಒತ್ತಾಗಿ ಕುಳಿತ ಕಣಗಳು ಒಂದರ ಮೇಲೊಂದು ಸರಿಯಬೇಕಾದರೆ ಮೊದಲು ಪರಸ್ಪರ ಅಗಲಬೇಕು. ನಡುವಿನ ತೆರವು ಹಿಗ್ಗುತ್ತದೆ, ಮೇಲಿನ ನೀರು ಒಳಕ್ಕೆ ಇಳಿಯುತ್ತದೆ. ನೀರು ಒಳಹೋಗುವಷ್ಟು ಸಮಯವಿಲ್ಲದೆ ಫಕ್ಕನೆ ಹೊಡೆದರೆ ಆ ಮರಳು ಕಲ್ಲಿನಂತೆ ಎದುರು ನಿಲ್ಲುತ್ತದೆ. ಒದ್ದೆಮರಳಿನಲ್ಲಿ ಅಗಲ ತಳದ ಕೋಲು ಪುಟಿದು ಚೆಂಡಿನ ಹೊಟ್ಟೆಗೇ ತಾಗುವುದು ಇದರಿಂದಲೇ. ಅಲ್ಲಿ ಕಿರಿದಾದ ತಳದ ಕೋಲೇ ಸರಿ. ಅಲೆಗೆ ನಿಲುಕದ ಒಣಮರಳಿನಲ್ಲಿ ಅಗಲ ತಳದ್ದು ಬೇಕು. ಹತ್ತು ಹೆಜ್ಜೆಯ ಅಂತರದಲ್ಲಿ ಈ ಎರಡು ಬಗೆಯ ಮರಳೂ ದೊರೆಯುವ ಸೌಕರ್ಯ ಯಾವ ಕ್ಲಬ್ಬಿನಲ್ಲಿಯೂ ಇರಲಾರದು.

ಅಭ್ಯಾಸಕ್ಕೆ ಚೆಂಡು ಬೇಡ. ಮರಳಿನ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದು, ಅದನ್ನು ಎರಡು ಪಾದಗಳ ನಡುವೆ ಇರಿಸಿಕೊಂಡು, ಗೆರೆಯ ಮೇಲೆಯೇ ಕೋಲು ಇಳಿಯುವಂತೆ ಬೀಸುತ್ತ ಮುಂದುವರಿಯಿರಿ. ಇಪ್ಪತ್ತು ಬೀಸುಗಳ ಬಳಿಕ ಹಿಂತಿರುಗಿ ನೋಡಿದರೆ ಗುಂಡಿಗಳು ಗೆರೆಯಿಂದ ಎಷ್ಟು ಹಿಂದೆ ಮುಂದೆ ಬಿದ್ದಿವೆಯೆಂಬುದು ಬರೆದಿಟ್ಟಂತೆ ಕಾಣುತ್ತದೆ. ಬಲೆ ಹರಡಿದ ಕಡೆ, ದೋಣಿ ಎಳೆದಿಟ್ಟ ಕಡೆ, ಕಡಲ್ಕೊರೆತಕ್ಕೆ ಕಲ್ಲು ಪೇರಿಸಿದ ಕಡೆ ಇದನ್ನು ಮಾಡತಕ್ಕದ್ದಲ್ಲ. ಗುಂಡಿಗಳನ್ನು ಕಾಲಿನಿಂದ ಮುಚ್ಚಿ ಬರಬೇಕು.

ಕುಳಿಯ ಹತ್ತಿರದ ಆಟವೇ ಸರ್ವಸ್ವವೆಂದು ಹಳೆಯ ಶಿಕ್ಷಕರು ಹೇಳುತ್ತಿದ್ದುದನ್ನು ಮಾತ್ರ ಈಗ ತಿದ್ದಿಕೊಳ್ಳಬೇಕಾಗಿದೆ. ಕೊಲಂಬಿಯ ವಿಶ್ವವಿದ್ಯಾಲಯದ ಮಾರ್ಕ್ ಬ್ರಾಡಿ ಅವರು ಅಮೆರಿಕದ ವೃತ್ತಿಪರರ ಲಕ್ಷಾಂತರ ಹೊಡೆತಗಳನ್ನು ಪರಿಶೀಲಿಸಿದಾಗ, ಅಗ್ರಗಣ್ಯರು ಇತರರಿಗಿಂತ ಗಳಿಸುವ ಲಾಭದಲ್ಲಿ ಮೂರನೆಯ ಎರಡು ಪಾಲು ದೂರದ ಹೊಡೆತಗಳಿಂದಲೇ ಬರುತ್ತದೆಂದು ಕಂಡುಬಂತು. ಪಟ್ಟಿಂಗಿನ ಪಾಲು ನೂರಕ್ಕೆ 15ರಷ್ಟು. ವೃತ್ತಿಪರರು ಕೂಡ ಎಂಟು ಅಡಿಯಿಂದ ಕುಳಿ ಸೇರಿಸುವುದು ಎರಡು ಸಲಕ್ಕೆ ಒಮ್ಮೆ. ಮೂರು ಅಡಿಯಿಂದಾದರೆ ನೂರಕ್ಕೆ 96 ಸಲ. ಆದುದರಿಂದ ಇಪ್ಪತ್ತು ಅಡಿಯ ಚೆಂಡು ಬೀಳಲಿಲ್ಲವೆಂದು ಕೊರಗುವುದಕ್ಕಿಂತ, ಅದು ಮೂರು ಅಡಿಯ ಒಳಗೆ ನಿಂತಿತೇ ಎಂದು ಗುರುತಿಸಿಕೊಳ್ಳುವುದು ಲಾಭಕರ. ಅಂಗಳದಲ್ಲಿ ಕುಳಿಯ ಸುತ್ತ ಗಜ ಉದ್ದದ ಹಗ್ಗದಿಂದ ಒಂದು ವೃತ್ತವನ್ನು ಬರೆದು, ಬೇರೆ ಬೇರೆ ದೂರಗಳಿಂದ ಆಡಿದ ಹತ್ತು ಚೆಂಡುಗಳಲ್ಲಿ ಎಷ್ಟು ಅದರೊಳಗೆ ನಿಂತವೆಂದು ದಿನವೂ ಒಂದು ಪುಸ್ತಕದಲ್ಲಿ ಬರೆದಿಡಬಹುದು. ಏಳಕ್ಕೆ ಮುಟ್ಟಿದ ಮೇಲೆ ಒಂದು ಗಜ ಹಿಂದೆ ಸರಿಯಿರಿ. ಜೂನ್ ತಿಂಗಳಲ್ಲಿ ಅಂಗಳ ಕೆಸರಾದಾಗ ಪುಸ್ತಕವನ್ನೂ ದಂಬೆಯನ್ನೂ ಜಗಲಿಗೆ ಸಾಗಿಸಬಹುದು. ಸಿಮೆಂಟಿನ ನೆಲದಲ್ಲಿ ಚೆಂಡು ಬಹು ದೂರ ಉರುಳುವುದರಿಂದ ಕೋಲನ್ನು ಒಂದೆರಡು ಅಂಗುಲಕ್ಕಿಂತ ಹೆಚ್ಚು ಹಿಂದಕ್ಕೆ ಒಯ್ಯುವ ಪ್ರಸಂಗವೇ ಅಲ್ಲಿ ಬರುವುದಿಲ್ಲ.