ಉತ್ತರ ಕೇಳಬೇಡಿ, ಹೆಜ್ಜೆ ಕೇಳಿ



ಬೆಳಗಿನ ಮೊದಲ ಬೆಲ್‌ಗೆ ಮುಂಚಿನ ಹದಿನೈದು ನಿಮಿಷ ಯಾವ ಪಿಯು ಕಾಲೇಜಿನ ಕ್ಲಾಸಿಗೆ ಹೋದರೂ ಒಂದು ದೃಶ್ಯ ಕಾಣುತ್ತದೆ. ಒಬ್ಬರ ನೋಟ್‌ಬುಕ್ ಬೆಂಚಿನಿಂದ ಬೆಂಚಿಗೆ ಓಡಾಡುತ್ತಿರುತ್ತದೆ. ಸೈನ್ಸ್‌ನವರಲ್ಲಿ ಅದು ಫಿಸಿಕ್ಸ್ ಅಥವಾ ಮ್ಯಾಥ್ಸ್. ಕಾಮರ್ಸ್‌ನ ನಮ್ಮಲ್ಲಿ ಬೇಸಿಕ್ ಮ್ಯಾಥ್ಸ್ ಅಥವಾ ಸ್ಟ್ಯಾಟಿಸ್ಟಿಕ್ಸ್. ಹತ್ತು ನಿಮಿಷದಲ್ಲಿ ಹೋಂವರ್ಕ್ ಮುಗಿಯುತ್ತದೆ, ಸಹಿಯೂ ಬೀಳುತ್ತದೆ. ಅದೇ ಲೆಕ್ಕ ಪರೀಕ್ಷೆಯಲ್ಲಿ ಬೇರೆ ಸಂಖ್ಯೆ ಹಾಕಿಕೊಂಡು ಬಂದಾಗ ಮಾತ್ರ ಆ ನೋಟ್‌ಬುಕ್ ನಮ್ಮ ಹತ್ತಿರ ಇರುವುದಿಲ್ಲ.

ಹೀಗೆ ಬರೆದುಕೊಳ್ಳುವವರೆಲ್ಲ ಸೋಮಾರಿಗಳು ಎಂದು ಹೇಳಲಾಗದು. ಅವರಲ್ಲಿ ಬಹಳ ಜನರಿಗೆ ಸಹಾಯ ಬೇಕಾಗಿದೆ, ಆದರೆ ಏನು ಕೇಳಬೇಕೆಂದು ತಿಳಿಯದು. "ಸರ್, ಈ ಲೆಸನ್ ಏನೂ ಅರ್ಥ ಆಗಿಲ್ಲ" ಎಂದರೆ ಸರ್ ಎಲ್ಲಿಂದ ಶುರು ಮಾಡಬೇಕು? ಟ್ಯೂಷನ್ ಫೀಸ್ ಕಟ್ಟಬಲ್ಲ ಮನೆಯವರಿಗೆ ಇನ್ನೊಂದು ದಾರಿ ಇದೆ. ಕಟ್ಟಲಾಗದವರಿಗೆ ಕಾಲೇಜಿನಲ್ಲೇ ಕೇಳಿ ತಿಳಿಯುವುದು ಬಿಟ್ಟರೆ ಬೇರೆ ದಾರಿ ಇಲ್ಲ. ಆದ್ದರಿಂದ ಕೇಳುವುದನ್ನೂ ಒಂದು ಪಾಠದಂತೆ ಕಲಿಯಬೇಕು. ಈ ಲೇಖನ ಆ ಪಾಠದ ಬಗ್ಗೆ.

ಉತ್ತರ ಸಿಕ್ಕರೆ ಸಹಾಯ ಸಿಕ್ಕಂತಲ್ಲ

ಒಂದು ಲೆಕ್ಕ ನೋಡೋಣ. ಶೇ. 18 ಜಿಎಸ್‌ಟಿ ಸೇರಿ ಒಂದು ಮಿಕ್ಸರ್‌ನ ಬೆಲೆ 1,180 ರೂಪಾಯಿ. ತೆರಿಗೆ ಎಷ್ಟು?

ಅನೇಕರು ತಕ್ಷಣ 1,180ರ ಶೇ. 18 ತೆಗೆದು 212.40 ರೂಪಾಯಿ ಎಂದು ಬರೆಯುತ್ತಾರೆ. ಗೆಳೆಯನ ಪುಸ್ತಕದಲ್ಲಿ 180 ಎಂದಿರುತ್ತದೆ. 212.40ನ್ನು ಹೊಡೆದು 180 ಎಂದು ಬರೆದರೆ ಹೋಂವರ್ಕ್ ಸರಿಯಾಯಿತು, ತಿಳಿವಳಿಕೆ ಮೊದಲಿದ್ದಲ್ಲೇ ಉಳಿಯಿತು. "ನಾನು 1,180ರ ಮೇಲೆ ಶೇ. 18 ಹಾಕಿದೆ, ಅದು ಯಾಕೆ ತಪ್ಪು?" ಎಂದು ಕೇಳಿದರೆ ಉತ್ತರ ಒಂದೇ ವಾಕ್ಯದಲ್ಲಿ ಸಿಗುತ್ತದೆ. ತೆರಿಗೆ ಹಾಕುವುದು ಮೂಲ ಬೆಲೆಯ ಮೇಲೆ, ತೆರಿಗೆ ಸೇರಿದ ಬೆಲೆಯ ಮೇಲಲ್ಲ. ಮೂಲ ಬೆಲೆ 100 ಆದರೆ ಬಿಲ್ 118. ಹಾಗಾದರೆ 1,180ರ ಬಿಲ್‌ಗೆ ಮೂಲ ಬೆಲೆ 1,000, ತೆರಿಗೆ 180.

ಇನ್ನು ಮುಂದೆ ಸಂಖ್ಯೆ ಯಾವುದೇ ಬರಲಿ, ತೆರಿಗೆಯ ದರ ಯಾವುದೇ ಇರಲಿ, ಈ ಲೆಕ್ಕ ಬರುತ್ತದೆ. 180 ಎಂಬ ಉತ್ತರ ಒಂದು ಲೆಕ್ಕಕ್ಕೆ ಮಾತ್ರ ಸಾಕು, "ಯಾವುದರ ಮೇಲೆ ಶೇಕಡಾ?" ಎಂಬ ಹೆಜ್ಜೆ ನೂರು ಲೆಕ್ಕಕ್ಕೆ ಸಾಕು.

ಡೌಟ್‌ನಲ್ಲಿ ಮೂರು ಬಗೆ

ಕೇಳುವ ಮೊದಲು ನಮ್ಮ ಡೌಟ್ ಯಾವ ಬಗೆಯದು ಎಂದು ಗುರುತಿಸಿದರೆ ಅರ್ಧ ಕೆಲಸ ಮುಗಿದಂತೆ.

1. ಪದದ ಡೌಟ್

ಎಷ್ಟೋ ಸಲ ಲೆಕ್ಕ ಬರುತ್ತಿರುತ್ತದೆ, ಲೆಕ್ಕದ ಭಾಷೆ ಬರುತ್ತಿರುವುದಿಲ್ಲ. ನಮ್ಮಲ್ಲಿ ಅನೇಕರು ಹತ್ತನೇ ತರಗತಿಯವರೆಗೆ ಉರ್ದು ಮಾಧ್ಯಮದಲ್ಲಿ ಓದಿದವರು, ಇನ್ನು ಕೆಲವರು ಕನ್ನಡ ಮಾಧ್ಯಮದಿಂದ ಬಂದವರು. ಪಿಯುಸಿಗೆ ಬಂದೊಡನೆ ಪುಸ್ತಕ ಇಂಗ್ಲಿಷ್ ಆಗುತ್ತದೆ. ಭಿನ್ನರಾಶಿ ಚೆನ್ನಾಗಿ ಬರುವ ಹುಡುಗಿಯೂ "ಡಿನಾಮಿನೇಟರ್" ಎಂದಾಗ ಒಂದು ಕ್ಷಣ ತಡೆಯುತ್ತಾಳೆ. ಅದು ನಸಬ್‌ನುಮಾ ಎಂದರೆ ಅವಳಿಗೆ ಮತ್ತೇನೂ ಹೇಳಬೇಕಾಗಿಲ್ಲ. ಅಂಥವರಿಗಾಗಿ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಡಬಹುದಾದ ಸಣ್ಣ ಪಟ್ಟಿ ಇಲ್ಲಿದೆ. ಮೊದಲು ಉರ್ದು, ನಂತರ ಕನ್ನಡ, ಕೊನೆಗೆ ಇಂಗ್ಲಿಷ್.

ಶುಮಾರ್‌ಕುನಿಂದಾ – ಅಂಶ – ನ್ಯೂಮರೇಟರ್
ನಸಬ್‌ನುಮಾ – ಛೇದ – ಡಿನಾಮಿನೇಟರ್
ಮಸಾವಾತ್ – ಸಮೀಕರಣ – ಈಕ್ವೇಷನ್
ನಿಸ್ಬತ್ – ಅನುಪಾತ – ರೇಷಿಯೊ
ಔಸತ್ – ಸರಾಸರಿ – ಆವರೇಜ್
ಝಾವಿಯಾ – ಕೋನ – ಆ್ಯಂಗಲ್
ಮುಸಲ್ಲಸ್ – ತ್ರಿಭುಜ – ಟ್ರಯಾಂಗಲ್

ಹೊಸ ಪದ ಬಂದಾಗಲೆಲ್ಲ ಈ ಪಟ್ಟಿಗೆ ಒಂದು ಸಾಲು ಸೇರಿಸಿ.

ಗೊತ್ತಿರುವ ಪದವೂ ಕೆಲವೊಮ್ಮೆ ಮೋಸ ಮಾಡುತ್ತದೆ. ದಿನನಿತ್ಯದ ಮಾತಿನಲ್ಲಿ ನಾವು ಎಲ್ಲದಕ್ಕೂ "ವೇಗ" ಎನ್ನುತ್ತೇವೆ. ಫಿಸಿಕ್ಸ್‌ನಲ್ಲಿ ಸ್ಪೀಡ್ ಬೇರೆ, ವೆಲಾಸಿಟಿ ಬೇರೆ. ಕನ್ನಡ ಪಠ್ಯಪುಸ್ತಕದಲ್ಲಿ ಸ್ಪೀಡ್‌ಗೆ ಜವ, ವೆಲಾಸಿಟಿಗೆ ವೇಗ. ವೇಗಕ್ಕೆ ದಿಕ್ಕೂ ಬೇಕು. 400 ಮೀಟರ್ ಟ್ರ್ಯಾಕ್‌ನಲ್ಲಿ ಒಂದು ಸುತ್ತು ಓಡಿ ಹೊರಟ ಜಾಗಕ್ಕೇ ಬಂದು ನಿಂತವನ ಸರಾಸರಿ ವೇಗ ಸೊನ್ನೆ, ಅವನು ಎಷ್ಟೇ ಬೆವರಿದ್ದರೂ! ಪದ ಬಿಡಿಸಿಕೊಳ್ಳದೆ ಸೂತ್ರ ಬಾಯಿಪಾಠ ಮಾಡಿದವರಿಗೆ ಈ ಉತ್ತರ ತಪ್ಪು ಮುದ್ರಣದಂತೆ ಕಾಣುತ್ತದೆ.

ಪದದ ಅರ್ಥ ಕೇಳಲು ನಾಚಿಕೆ ಬೇಡ. ದೊಡ್ಡ ದೊಡ್ಡ ವಿದ್ವಾಂಸರೂ ಪದದಲ್ಲಿ ಎಡವಿದ್ದಾರೆ. ತ್ರಿಕೋನಮಿತಿಯ "ಸೈನ್" ಇದಕ್ಕೆ ಸಾಕ್ಷಿ. ಆರ್ಯಭಟನ ಕಾಲದ ಸಂಸ್ಕೃತದಲ್ಲಿ ಅದು "ಜ್ಯಾ", ಅಂದರೆ ಬಿಲ್ಲಿನ ಹಗ್ಗ. ಅರಬ್ಬರು ಅದನ್ನು "ಜೀಬಾ" ಎಂದು ಬರೆದುಕೊಂಡರು. ಅರಬಿ ಬರವಣಿಗೆಯಲ್ಲಿ ಸ್ವರಚಿಹ್ನೆಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲವಾದ್ದರಿಂದ ಅದನ್ನು "ಜೈಬ್" ಎಂದು ಓದಲಾಯಿತು. ಜೈಬ್ ಎಂದರೆ ಉಡುಪಿನ ಎದೆಯ ಭಾಗದ ಮಡಿಕೆ. ನಾವು ಅಂಗಿಯಲ್ಲಿ ಹೊಲಿಸುವ ಜೇಬು ಇದೇ ಪದ. ಯುರೋಪಿನವರು ಅದಕ್ಕೆ ಸರಿಯಾಗಿ ಲ್ಯಾಟಿನ್‌ನಲ್ಲಿ "ಸೈನಸ್" ಎಂದರು, ಅದು ಸೈನ್ ಆಯಿತು. ಒಂದು ಪದ ಇಷ್ಟು ಭಾಷೆ ದಾಟಿ ಬಂದಿರುವಾಗ ನಮ್ಮ ಭಾಷೆಯಲ್ಲಿ ಅದರ ಅರ್ಥ ಕೇಳಿದರೆ ಯಾರ ಮರ್ಯಾದೆಯೂ ಹೋಗುವುದಿಲ್ಲ.

2. ಹೆಜ್ಜೆಯ ಡೌಟ್

ಇಲ್ಲಿ ಪದಗಳು ಅರ್ಥವಾಗಿವೆ, ಸೂತ್ರವೂ ಗೊತ್ತು, ನಡುವೆ ಎಲ್ಲೋ ದಾರಿ ತಪ್ಪಿದೆ. ಸೈನ್ಸ್ ಸ್ನೇಹಿತರ ಒಂದು ಲೆಕ್ಕ: ಗಂಟೆಗೆ 72 ಕಿ.ಮೀ. ವೇಗದ ಕಾರು ಒಂದೇ ಸಮನೆ ಬ್ರೇಕ್ ಹಾಕಿ 4 ಸೆಕೆಂಡಿನಲ್ಲಿ ನಿಲ್ಲುತ್ತದೆ. ಬ್ರೇಕ್ ಹಾಕಿದ ಮೇಲೆ ಎಷ್ಟು ದೂರ ಹೋಯಿತು?

ಸರಾಸರಿ ವೇಗ 36, ಸಮಯ 4, ಗುಣಿಸಿದರೆ 144 ಮೀಟರ್ ಎಂದು ಬರೆದವರು ಸೂತ್ರವನ್ನು ಸರಿಯಾಗಿಯೇ ಬಳಸಿದ್ದಾರೆ. ಬಿಟ್ಟುಹೋದದ್ದು ಯೂನಿಟ್. ಕಿಲೋಮೀಟರ್ ಗಂಟೆಯ ಲೆಕ್ಕದಲ್ಲಿದೆ, ಬ್ರೇಕ್ ಸೆಕೆಂಡಿನ ಲೆಕ್ಕದಲ್ಲಿದೆ. 72 ಕಿ.ಮೀ. ಎಂದರೆ 72,000 ಮೀಟರ್, ಒಂದು ಗಂಟೆ ಎಂದರೆ 3,600 ಸೆಕೆಂಡ್. ಭಾಗಿಸಿದರೆ ಸೆಕೆಂಡಿಗೆ 20 ಮೀಟರ್. ಈಗ ಸರಾಸರಿ 10, ಅದನ್ನು 4ರಿಂದ ಗುಣಿಸಿದರೆ 40 ಮೀಟರ್.

ಇಂಥ ಡೌಟ್ ಕೇಳುವಾಗ ಖಾಲಿ ಪುಟ ತೆಗೆದುಕೊಂಡು ಹೋಗಬೇಡಿ. ಮಾಡಿದಷ್ಟನ್ನು ಅಳಿಸದೆ, ಹೊಡೆದು ಹಾಕದೆ ತೋರಿಸಿ. ತಪ್ಪಾದ ಲೆಕ್ಕ ನೋಡಿದರೆ ಲೆಕ್ಚರರ್‌ಗೆ ಅರ್ಧ ನಿಮಿಷದಲ್ಲಿ ಜಾಗ ಸಿಗುತ್ತದೆ. ವೈದ್ಯರ ಹತ್ತಿರ ಹೋಗಿ ನೋವು ಎಲ್ಲಿದೆ ಎಂದು ತೋರಿಸಿದಂತೆ ಇದು.

3. ಕಾರಣದ ಡೌಟ್

ಉತ್ತರ ಸರಿ ಬಂದಿದೆ, ಆದರೆ ಯಾಕೆ ಹಾಗೆ ಎಂದು ಗೊತ್ತಿಲ್ಲ. ಇದನ್ನು ಕೇಳುವವರು ಕಡಿಮೆ, ಮಾರ್ಕ್ಸ್ ಬಂದರೆ ಸಾಕು ಎಂದು ಬಿಟ್ಟುಬಿಡುತ್ತೇವೆ. "ಎಕ್ಸ್ – 7 = 12" ಎಂದಿದ್ದರೆ 7 ಆ ಕಡೆ ಹೋಗಿ ಪ್ಲಸ್ ಆಗುತ್ತದೆ ಎಂದು ಎಲ್ಲರಿಗೂ ಗೊತ್ತು. ಯಾಕೆ ಪ್ಲಸ್ ಆಗುತ್ತದೆ? ನಿಜವಾಗಿ ಯಾವ ಸಂಖ್ಯೆಯೂ ಎಲ್ಲಿಗೂ ಹೋಗುವುದಿಲ್ಲ. ತಕ್ಕಡಿಯ ಎರಡೂ ತಟ್ಟೆಗೆ 7 ಹಾಕುತ್ತೇವೆ. ಎಡಗಡೆ ಕಳೆದುಹೋಗಿದ್ದ 7 ತುಂಬಿ ಎಕ್ಸ್ ಉಳಿಯುತ್ತದೆ, ಬಲಗಡೆ 19 ಆಗುತ್ತದೆ. ಹೀಗೆ ಕಳೆದದ್ದನ್ನು ತುಂಬಿಕೊಡುವುದಕ್ಕೆ ಅರಬಿಯಲ್ಲಿ "ಅಲ್‌ಜಬ್ರ್" ಎಂದು ಹೆಸರು. ಒಂಬತ್ತನೇ ಶತಮಾನದ ಬಗ್ದಾದಿನಲ್ಲಿ ಅಲ್‌ಖ್ವಾರಿಝ್ಮಿ ಬರೆದ ಗ್ರಂಥದ ಹೆಸರಿನಲ್ಲಿದ್ದ ಈ ಪದದಿಂದಲೇ ಆಲ್ಜೀಬ್ರಾ ಬಂತು. ಆ ಗ್ರಂಥದ ಒಂದು ದೊಡ್ಡ ಭಾಗ ಆಸ್ತಿಯ ಪಾಲು ಮಾಡುವ ಲೆಕ್ಕಗಳದ್ದು ಎಂದರೆ ಕಾಮರ್ಸ್‌ನವರಿಗೂ ಖುಷಿಯಾಗಬೇಕು.

ಕಾರಣ ಕೇಳಿದರೆ ಸಬ್ಜೆಕ್ಟ್‌ಗಳ ನಡುವಿನ ಗೋಡೆಯೂ ಬೀಳುತ್ತದೆ. ಹೋಗುವಾಗ ಗಂಟೆಗೆ 60 ಕಿ.ಮೀ., ಅದೇ ದಾರಿಯಲ್ಲಿ ಬರುವಾಗ 40 ಕಿ.ಮೀ. ಸ್ಪೀಡಿನಲ್ಲಿ ಬಸ್ ಓಡಿದರೆ ಒಟ್ಟು ಸರಾಸರಿ ಎಷ್ಟು? 50 ಅಲ್ಲ, 48. ದಾರಿ 120 ಕಿ.ಮೀ. ಎಂದುಕೊಳ್ಳಿ. ಹೋಗಲು 2 ಗಂಟೆ, ಬರಲು 3 ಗಂಟೆ. 5 ಗಂಟೆಯಲ್ಲಿ 240 ಕಿ.ಮೀ., ಅಂದರೆ ಗಂಟೆಗೆ 48. ನಿಧಾನವಾಗಿ ಓಡಿದ ಸಮಯವೇ ಹೆಚ್ಚು, ಅದಕ್ಕೇ ಸರಾಸರಿ 40ರ ಕಡೆಗೆ ವಾಲಿತು. ಇದು ಫಿಸಿಕ್ಸ್ ಲೆಕ್ಕ. ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ನಾವು ಹಾರ್ಮೋನಿಕ್ ಮೀನ್ ಎಂದು ಓದುವುದೂ ಇದನ್ನೇ. ಸೈನ್ಸ್‌ನವರ ಡೌಟ್‌ಗೆ ಕಾಮರ್ಸ್‌ನವರ ನೋಟ್‌ಬುಕ್ಕಿನಲ್ಲೂ ಉತ್ತರ ಇರಬಹುದು!

"ಹೌ" ಎನ್ನುವ ಮುಂಚೆ

ನಮ್ಮಲ್ಲಿ ಅನೇಕರು ನೋಡುವ ಖಾನ್ ಅಕಾಡೆಮಿ ಶುರುವಾದದ್ದೇ ಒಬ್ಬ ಹುಡುಗಿಯ ಮ್ಯಾಥ್ಸ್ ಡೌಟ್‌ನಿಂದ. ಅಮೆರಿಕದ ಸಲ್ಮಾನ್ ಖಾನ್ (ಸಿನಿಮಾದವರಲ್ಲ!) 2004ರಲ್ಲಿ ಬೇರೆ ಊರಿನಲ್ಲಿದ್ದ ತಮ್ಮ ಸಂಬಂಧಿಕರ ಹುಡುಗಿ ನಾದಿಯಾಗೆ ಫೋನ್ ಮತ್ತು ಇಂಟರ್ನೆಟ್ ಮೂಲಕ ಪಾಠ ಹೇಳಲು ಆರಂಭಿಸಿದರು. ಆಕೆ ಬುದ್ಧಿವಂತೆ, ಆದರೆ ಯೂನಿಟ್ ಬದಲಾಯಿಸುವ ಲೆಕ್ಕದಲ್ಲಿ ಸಿಕ್ಕಿಕೊಂಡಿದ್ದಳು. ಮೇಲಿನ ಕಾರಿನ ಲೆಕ್ಕದಲ್ಲಿ ನಾವು ನೋಡಿದ್ದೂ ಅದೇ ಹೆಜ್ಜೆ. ಆ ಒಂದು ವಿಷಯ ತಿಳಿಯದ್ದರಿಂದ ಶಾಲೆಯಲ್ಲಿ ಆಕೆಯನ್ನು ಗಣಿತದಲ್ಲಿ ಹಿಂದಿನ ಗುಂಪಿಗೆ ಹಾಕಿದ್ದರು. ಸಿಕ್ಕಿಕೊಂಡ ಜಾಗ ಗೊತ್ತಾಗಿ ಅದು ಬಿಡಿಸಿಕೊಂಡ ಮೇಲೆ ಆಕೆ ಮುಂದೆ ಸಾಗಿದಳು. ನಂತರ ಬೇರೆ ಸಂಬಂಧಿಕರ ಮಕ್ಕಳೂ ಸೇರಿಕೊಂಡರು, ವಿಡಿಯೊ ಬಂತು, 2008ರಲ್ಲಿ ಅದು ಸಂಸ್ಥೆಯಾಯಿತು.

ಇದರಲ್ಲಿ ನಾವು ಗಮನಿಸಬೇಕಾದದ್ದು ಒಂದಿದೆ. "ನಾನು ಗಣಿತದಲ್ಲಿ ವೀಕ್" ಎನ್ನುವುದು ಬಹಳ ಸಲ ಪೂರ್ತಿ ನಿಜವಲ್ಲ. "ನಾನು ಈ ಒಂದು ಹೆಜ್ಜೆಯಲ್ಲಿ ವೀಕ್" ಎನ್ನುವುದು ನಿಜ. ಮೊದಲನೆಯದನ್ನು ನಂಬಿ ಎಷ್ಟೋ ಜನ ಸಬ್ಜೆಕ್ಟನ್ನೇ ಬಿಡುತ್ತಾರೆ.

ಕ್ಲಾಸಿನಲ್ಲಿ "ಅರ್ಥ ಆಯ್ತಾ?" ಎಂದಾಗ ಎಲ್ಲರೂ ಒಟ್ಟಿಗೆ "ಹೌದು ಸರ್" ಎನ್ನುತ್ತೇವೆ. ಮನೆಯಲ್ಲಿ ಆಪಾ "ಸಮ್ಝಾ ಕ್ಯಾ?" ಎಂದರೆ "ಹೌ" ಎನ್ನುತ್ತೇವೆ. ಕನ್ನಡದ ಹೌದು, ನಮ್ಮ ದಖನಿಯ ಹೌ, ಎರಡೂ ಬಾಯಿಗೆ ಬಹಳ ಸುಲಭ. ಅರ್ಥ ಆಗದಿದ್ದಾಗ ಹೇಳುವ ಹೌದು ಪಾಠ ಮಾಡುವವರನ್ನೂ ದಾರಿ ತಪ್ಪಿಸುತ್ತದೆ, ಏಕೆಂದರೆ ಅವರು ಅದನ್ನು ನಂಬಿ ಮುಂದಿನ ಲೆಸನ್‌ಗೆ ಹೋಗುತ್ತಾರೆ.

ಡೌಟ್ ಕೇಳುವ ಕ್ರಮ

ಕೆಳಗಿನ ಐದು ಅಂಶಗಳನ್ನು ಈ ವಾರದಿಂದಲೇ ಮಾಡಿ ನೋಡಬಹುದು.

1. ಮೊದಲು ಹದಿನೈದು ನಿಮಿಷ ನೀವೇ ಪ್ರಯತ್ನಿಸಿ. ಕೊಟ್ಟದ್ದು ಏನು, ಕೇಳಿದ್ದು ಏನು ಎಂದು ಎರಡು ಸಾಲಿನಲ್ಲಿ ಬರೆಯಿರಿ. ಇಲ್ಲೇ ಕೆಲವು ಡೌಟ್‌ಗಳು ಮಾಯವಾಗುತ್ತವೆ.

2. ನಿಂತ ಹೆಜ್ಜೆಯ ಪಕ್ಕ ಪೆನ್ಸಿಲಿನಲ್ಲಿ ಗುರುತು ಹಾಕಿ, ಅದು ಪದದ್ದೋ, ಹೆಜ್ಜೆಯದ್ದೋ, ಕಾರಣದ್ದೋ ಎಂದು ಬರೆಯಿರಿ. ಗಂಟೆಗಟ್ಟಲೆ ಅಲ್ಲೇ ಕೂರಬೇಡಿ, ಮುಂದಿನ ಲೆಕ್ಕಕ್ಕೆ ಹೋಗಿ.

3. ಮರುದಿನ ಮೊದಲು ಪಕ್ಕದ ಸಹಪಾಠಿಯನ್ನು, ನಂತರ ಲೆಕ್ಚರರನ್ನು ಕೇಳಿ. ಊಟ, ನಮಾಝ್ ಮುಗಿದು ಕ್ಲಾಸ್ ಶುರುವಾಗುವ ಮುಂಚಿನ ಐದು ನಿಮಿಷ ಒಂದು ಹೆಜ್ಜೆ ಕೇಳಲು ಸಾಕು. ಪೂರ್ತಿ ಲೆಸನ್ ಕೇಳಲು ಸಾಲದು.

4. ಫೋಟೊ ತೆಗೆದರೆ ಉತ್ತರ ಕೊಡುವ ಆ್ಯಪ್ ಬಳಸುವವರು ನಿಮ್ಮ ಪ್ರಯತ್ನ ಮುಗಿದ ಮೇಲೆ ತೆರೆಯಿರಿ. ಉತ್ತರದ ಸಾಲಿಗೆ ಹಾರಬೇಡಿ, ನಿಮ್ಮ ಹೆಜ್ಜೆ ಅದರ ಹೆಜ್ಜೆಯಿಂದ ಎಲ್ಲಿ ಬೇರೆಯಾಯಿತು ಎಂದು ಹುಡುಕಿ. ಆ್ಯಪ್ ಹೇಳಿದ್ದೂ ತಪ್ಪಿರಬಹುದು, ಪುಸ್ತಕದೊಂದಿಗೆ ತಾಳೆ ನೋಡಿ.

5. ಡೌಟ್ ಬಗೆಹರಿದ ಮೇಲೆ ಪುಸ್ತಕ ಮುಚ್ಚಿ, ಸಂಖ್ಯೆ ಬದಲಾಯಿಸಿ ಅದೇ ಲೆಕ್ಕ ಮಾಡಿ. ಬಂದರೆ ಅದು ನಿಮ್ಮದಾಯಿತು.

ಹೇಳಿಕೊಡುವವರಿಗೆ ಎರಡು ಮಾತು

ಲೆಕ್ಕ ಬರುವ ಸ್ನೇಹಿತರೇ, ಕೇಳಿದವರ ಕೈಯಿಂದ ಪೆನ್ ಕಸಿದುಕೊಳ್ಳಬೇಡಿ. ನೀವು ಬರೆದರೆ ಅದು ನಿಮ್ಮ ಲೆಕ್ಕವಾಗಿಯೇ ಉಳಿಯುತ್ತದೆ. "ಇಲ್ಲಿವರೆಗೆ ಸರಿ, ಈ ಸಾಲು ಮತ್ತೆ ನೋಡು" ಎಂದರೆ ಸಾಕು. "ಇಷ್ಟೂ ಗೊತ್ತಿಲ್ವಾ?" ಎಂಬ ಮಾತು ಬೇಡ. ಆ ಒಂದು ಮಾತಿಗೆ ಹೆದರಿ ವರ್ಷವಿಡೀ ಬಾಯಿ ತೆರೆಯದವರು ಪ್ರತಿ ಕ್ಲಾಸಿನಲ್ಲೂ ಇರುತ್ತಾರೆ. ಹೇಳಿಕೊಡುವುದರಲ್ಲಿ ನಿಮಗೂ ಲಾಭವಿದೆ. ಬೇರೆಯವರಿಗೆ ವಿವರಿಸಲು ಹೊರಟಾಗಲೇ ನಮಗೆ ಎಷ್ಟು ಗೊತ್ತಿದೆ ಎಂದು ಗೊತ್ತಾಗುವುದು.

ನಮ್ಮ ಸರ್, ಮೇಡಂಗಳಲ್ಲಿ ಒಂದು ವಿನಂತಿ. ಹೋಂವರ್ಕ್ ನೋಡುವಾಗ ಪೂರ್ತಿ ಸರಿಯಿರುವ ಪುಟಕ್ಕೆ ಸಹಿ ಹಾಕುವಂತೆಯೇ, ಅರ್ಧಕ್ಕೆ ನಿಂತು "ಇಲ್ಲಿ ಸಿಕ್ಕಿಕೊಂಡೆ" ಎಂದು ಬರೆದ ಪುಟಕ್ಕೂ ಸಹಿ ಹಾಕಿ. ಪ್ರಾಮಾಣಿಕವಾದ ಅರ್ಧ ಲೆಕ್ಕಕ್ಕೆ ಬೆಲೆ ಇದೆ ಎಂದು ತಿಳಿದರೆ ಬೆಳಗ್ಗೆ ನೋಟ್‌ಬುಕ್ ಓಡಾಡುವುದು ತಾನಾಗಿಯೇ ಕಡಿಮೆಯಾಗುತ್ತದೆ.

ಸಹಪಾಠಿಗಳೇ, ಮುಂದಿನ ಹೋಂವರ್ಕ್‌ನಲ್ಲಿ ಒಂದೇ ಒಂದು ಲೆಕ್ಕವನ್ನು ಹೀಗೆ ಮಾಡಿ. ಎಲ್ಲಿ ನಿಂತಿರೋ ಅಲ್ಲಿ ಗುರುತು ಹಾಕಿ, ಆ ಹೆಜ್ಜೆಯನ್ನು ಮಾತ್ರ ಕೇಳಿ. ಇನ್ಶಾ ಅಲ್ಲಾಹ್, ಪರೀಕ್ಷೆಯ ದಿನ ಸಂಖ್ಯೆ ಬದಲಾದರೂ ಕೈ ನಿಲ್ಲುವುದಿಲ್ಲ.