ನೀಲಿ ಬೆಳಕು ಕಲಿಸುವ ಪಾಠ

‘ಬೆಳಕಿಗಿಂತ ವೇಗವಾದುದು ಯಾವುದೂ ಇಲ್ಲ’ ಎಂಬ ವಾಕ್ಯವು ಪ್ರೌಢಶಾಲೆಯ ವಿದ್ಯಾರ್ಥಿಗಳೆಲ್ಲರಿಗೂ ಕಂಠಸ್ಥವಾಗಿರುತ್ತದೆ. ಆದರೆ ಈ ವಾಕ್ಯದಲ್ಲಿ ಒಂದು ಪದ ಲೋಪವಾಗಿದೆ. ‘ನಿರ್ವಾತದಲ್ಲಿ’ ಎಂಬುದೇ ಆ ಪದ. ಸಪ್ತಮೀ ವಿಭಕ್ತಿಯ ಒಂದು ಪದ ಬಿಟ್ಟುಹೋದರೆ ಅಧಿಕರಣವೇ ಇಲ್ಲವಾಗಿ ವಾಕ್ಯಾರ್ಥವು ಕೆಡುವುದನ್ನು ವ್ಯಾಕರಣವು ಬಲ್ಲದು. ಭೌತಶಾಸ್ತ್ರದಲ್ಲಿಯೂ ಹಾಗೆಯೇ.

ನಿರ್ವಾತದಲ್ಲಿ ಬೆಳಕು ಸೆಕೆಂಡಿಗೆ ಸುಮಾರು 3,00,000 ಕಿಲೋಮೀಟರು ಸಾಗುತ್ತದೆ. ನೀರಿನಲ್ಲಿ ಸುಮಾರು 2,25,000, ಗಾಜಿನಲ್ಲಿ ಸುಮಾರು 2,00,000 ಕಿಲೋಮೀಟರು ಮಾತ್ರ. ವಿದ್ಯುದಾವೇಶವುಳ್ಳ ಎಲೆಕ್ಟ್ರಾನು ನಿರ್ವಾತದ ಬೆಳಕಿನ ವೇಗವನ್ನು ಮುಟ್ಟಲಾರದು. ಆದರೆ ನೀರಿನೊಳಗಣ ಬೆಳಕನ್ನು ಹಿಂದಿಕ್ಕಬಲ್ಲದು.

ಹಾಗೆ ಹಿಂದಿಕ್ಕಿದಾಗ ಆಗುವುದೇನು? ಎಲೆಕ್ಟ್ರಾನು ಹಾದುಹೋದಂತೆ ದಾರಿಯ ಅಣುಗಳಲ್ಲಿ ವಿದ್ಯುತ್ತಿನ ಸಮತೋಲವು ಕ್ಷಣಕಾಲ ಕದಡುತ್ತದೆ. ಪೂರ್ವಸ್ಥಿತಿಗೆ ಮರಳುವಾಗ ಅವುಗಳಿಂದ ಕಿರಿದಾದ ವಿದ್ಯುತ್ಕಾಂತೀಯ ಅಲೆಗಳು ಹೊಮ್ಮುತ್ತವೆ. ಕಣವು ನಿಧಾನವಾಗಿದ್ದರೆ ಈ ಅಲೆಗಳು ಪರಸ್ಪರ ಅಳಿಸಿಹೋಗುತ್ತವೆ. ಬೆಳಕಿಗಿಂತ ವೇಗವಾಗಿದ್ದರೆ ಒಂದರೊಡನೊಂದು ಕೂಡಿ ಬಲವಾದ ಅಲೆಯಾಗುತ್ತವೆ. ತುಂಗಭದ್ರೆಯಲ್ಲಿ ಭರದಿಂದ ಸಾಗುವ ದೋಣಿಯ ಹಿಂದೆ ಎರಡು ಮಗ್ಗುಲಿಗೂ ಅಲೆಯ ಗೆರೆಗಳು ಚಾಚಿಕೊಳ್ಳುವುದನ್ನು ಇದಕ್ಕೆ ಹೋಲಿಸಬಹುದು. ನೀರಿನಲ್ಲಿ ಈ ಬೆಳಕು ಕಣದ ದಾರಿಯಿಂದ ಹೆಚ್ಚೆಂದರೆ ಸುಮಾರು 41 ಡಿಗ್ರಿ ಕೋನದಲ್ಲಿ ಹೊರಡುತ್ತದೆ. ಕಿರಿಯ ತರಂಗದೂರದ ಅಂಶವೇ ಅಧಿಕವಾದುದರಿಂದ ಅದು ಕಣ್ಣಿಗೆ ನೀಲಿಯಾಗಿ ತೋರುತ್ತದೆ.

ರೇಡಿಯಂ ದ್ರಾವಣದ ಈ ಮಂದಪ್ರಭೆಯನ್ನು ಮೇರಿ ಕ್ಯೂರಿಯವರು 1910ರಷ್ಟು ಹಿಂದೆಯೇ ಕಂಡಿದ್ದರು. ದ್ರವದಲ್ಲಿ ಬೆರೆತ ವಸ್ತುವಿನ ಸಾಮಾನ್ಯ ಹೊಳಪೆಂದು ಬಹುಕಾಲ ಅದನ್ನು ಬದಿಗಿರಿಸಲಾಗಿತ್ತು. ಸೋವಿಯತ್ ಒಕ್ಕೂಟದ ಪಾವೆಲ್ ಚೆರೆಂಕೋವರು ಕತ್ತಲೆ ಕೋಣೆಯಲ್ಲಿ ಸುಮಾರು ಒಂದು ಗಂಟೆ ಕುಳಿತು, ಕಣ್ಣನ್ನು ಹದಗೊಳಿಸಿಕೊಂಡು ಅಳತೆಗೆ ತೊಡಗುತ್ತಿದ್ದರು. ಶುದ್ಧವಾದ ನೀರಿನಲ್ಲಿಯೂ ಈ ಬೆಳಕು ಕುಂದದಿರುವುದನ್ನು ಅವರು 1934ರಲ್ಲಿ ಪ್ರಕಟಿಸಿದರು. 1937ರಲ್ಲಿ ಟಾಮ್ ಮತ್ತು ಫ್ರಾಂಕ್ ಅದರ ಕಾರಣವನ್ನು ಗಣಿತದಿಂದ ವಿವರಿಸಿದರು. 1958ರ ನೊಬೆಲ್ ಪಾರಿತೋಷಕವು ಮೂವರಿಗೂ ಸಂದಿತು. ಕಣವು ಒಂದು ಮಾಧ್ಯಮದಿಂದ ಮತ್ತೊಂದಕ್ಕೆ ದಾಟುವಾಗ, ವೇಗವು ಬೆಳಕಿಗಿಂತ ಕಡಿಮೆಯಿದ್ದರೂ, ಬೇರೊಂದು ಬಗೆಯ ವಿಕಿರಣ ಹೊಮ್ಮುವುದನ್ನು ಗಿನ್ಜ್‌ಬರ್ಗ್ ಮತ್ತು ಫ್ರಾಂಕ್ 1940ರ ದಶಕದಲ್ಲಿ ನಿರೂಪಿಸಿದರು.

ಇದು ದೂರದೇಶದ ಸಂಗತಿಯಷ್ಟೇ ಅಲ್ಲ. ಉತ್ತರ ಕನ್ನಡದ ಕೈಗಾದಲ್ಲಿರುವಂತಹ ಅಣುವಿದ್ಯುತ್ ಕೇಂದ್ರಗಳಲ್ಲಿ, ಉರಿದ ಇಂಧನವನ್ನು ಮುಳುಗಿಸಿಡುವ ಕೊಳದ ನೀರು ನೀಲಿಯಾಗಿ ಬೆಳಗುವುದು ಈ ಕಾರಣದಿಂದಲೇ. ಗಾಳಿಯಲ್ಲಿಯೂ ಈ ಬೆಳಕುಂಟು. ಅಂತರಿಕ್ಷದ ಗ್ಯಾಮಾ ಕಿರಣವು ವಾಯುಮಂಡಲವನ್ನು ಹೊಕ್ಕಾಗ ಹುಟ್ಟುವ ಕಣಗಳ ಮಳೆಯು, ಸೆಕೆಂಡಿನ ನೂರು ಕೋಟಿ ಪಾಲುಗಳಲ್ಲಿ ಕೆಲವೇ ಪಾಲಿನಷ್ಟು ಹೊತ್ತು ಮಿನುಗುತ್ತದೆ. ಅದನ್ನು ಹಿಡಿಯಲೆಂದೇ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯೂ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯೂ ಕೂಡಿ ಲಡಾಖಿನ ಹಾನ್ಲೆಯಲ್ಲಿ 7 ದೂರದರ್ಶಕಗಳ ‘ಹಗಾರ್’ ವ್ಯೂಹವನ್ನು ನಿರ್ಮಿಸಿದವು. ಅಲ್ಲಿಯೇ 21 ಮೀಟರು ವ್ಯಾಸದ ‘ಮೇಸ್’ ದೂರದರ್ಶಕವು 2024ರಲ್ಲಿ ಉದ್ಘಾಟನೆಗೊಂಡಿತು.

ಈ ಪಾಠದ ಆರಂಭಕ್ಕೆ ಬೆಲೆಬಾಳುವ ಉಪಕರಣ ಬೇಡ. ಒಂದು ಲೋಟ ನೀರಿನಲ್ಲಿ ಓರೆಯಾಗಿಟ್ಟ ಕಡ್ಡಿಯು ಮುರಿದಂತೆ ತೋರುವುದೇ, ನೀರಿನಲ್ಲಿ ಬೆಳಕು ನಿಧಾನವಾಗುವುದರ ಫಲ. ಸಿರುಗುಪ್ಪ ಸೀಮೆಯ ಹಳ್ಳಿಶಾಲೆಯಲ್ಲಿಯೂ ಅದನ್ನು ತೋರಿಸಬಹುದು. ತೋರಿಸಿದ ಬಳಿಕ ಅಧ್ಯಾಪಕರು ‘ನಿರ್ವಾತದಲ್ಲಿ’ ಎಂಬ ಪದವನ್ನು ಬಿಡದೆ ವಾಕ್ಯವನ್ನು ಪೂರ್ಣವಾಗಿ ಹೇಳಿದರೆ, ‘ಹಾಗಾದರೆ ನೀರಿನಲ್ಲಿ?’ ಎಂಬ ಪ್ರಶ್ನೆಯು ಮಕ್ಕಳಿಂದಲೇ ಹುಟ್ಟುತ್ತದೆ.